ಬಂದೂಕಿನ ವಿಮೆಯೂ ಮೂರು ಹಾಳೆ ಸಿಟ್ಟೂ

ಸಿಟ್ಟು ಬಂದರೆ ಕೆಲವರು ಕೂಗಾಡುತ್ತಾರೆ, ಕೆಲವರು ಊಟ ಬಿಡುತ್ತಾರೆ. ನಾನು ಕಾಗದ ಬರೆಯುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದ ತಪ್ಪಿಗೆ, ಎದುರಿಗೆ ಯಾರಾದರೂ ಇದ್ದಾಗ ಬಾರದ ಮಾತೆಲ್ಲ ಬಿಳಿ ಹಾಳೆ ಕಂಡ ಕೂಡಲೇ ಧಾರಾಳವಾಗಿ ಬರುತ್ತದೆ. ನಲ್ಲಿ ನೀರಿನಿಂದ ಹಿಡಿದು ಸಿರಿಗೆರೆ ಬಸ್ಸಿನವರೆಗೆ ನಾನು ಬೈದು ಬರೆಯದ ವಿಷಯವಿಲ್ಲ. ಒಂದಕ್ಕೂ ಉತ್ತರ ಬಂದಿರಲಿಲ್ಲ. ಈಚೆಗೆ ಮೊದಲ ಸಲ ಒಂದಕ್ಕೆ ಬಂತು. ಬಾರದಿದ್ದರೇ ಚೆನ್ನಾಗಿತ್ತು.

ಅಪ್ಪನಿಂದ ನನಗೆ ಬಂದದ್ದು ಜವನಗೊಂಡನಹಳ್ಳಿ ಹತ್ತಿರ ಮೂರೆಕರೆ ಹೊಲ, ಅದಕ್ಕೆ ನುಗ್ಗುವ ಕಾಡುಹಂದಿಗಳು, ಅವನ್ನು ಹೆದರಿಸಲು ಲೈಸೆನ್ಸು ಪಡೆದ ಒಂದು ಒಂಟಿ ನಳಿಗೆ ಬಂದೂಕು. ನಾನು ಅದರಿಂದ ಒಂದು ಹಂದಿಯನ್ನೂ ಹೊಡೆದವನಲ್ಲ. ಗಾಳಿಯಲ್ಲಿ ಗುಂಡು ಹಾರಿಸಿದರೆ ಹಂದಿಗಿಂತ ಮೊದಲು ನಾನೇ ಬೆಚ್ಚಿಬೀಳುತ್ತೇನೆ. ಆದರೂ ಅದು ಅಪ್ಪ ಹೆಗಲ ಮೇಲೆ ಹೊತ್ತು ತಿರುಗಿದ ವಸ್ತು. ಅವರ ಬೆವರಿಗೆ ಕಪ್ಪಾದ ಮರದ ಹಿಡಿ, ಹಿಡಿಯ ತುದಿಗೆ ಹಿತ್ತಾಳೆ ತಗಡು, ತಗಡಿನ ಮೇಲೆ ಕೆತ್ತಿದ ನಂಬರು. "ಲೇ, ಈ ನಂಬರ್ ಇರೋತಂಕ ಇದು ನಮ್ದು" ಎನ್ನುತ್ತಿದ್ದರು. ಅವರು ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗಾಯಿತು. ನಂಬರು ನನಗೆ ಮಗ್ಗಿಯಂತೆ ಬಾಯಿಪಾಠ.

ಹೊಳಲ್ಕೆರೆಯಲ್ಲಿರುವ ನನ್ನ ಷಡ್ಡಕ ರುದ್ರಪ್ಪ ವಿಮೆ ಏಜೆಂಟ. ಷಡ್ಡಕ ವಿಮೆ ಏಜೆಂಟನಾಗದೆ ಉಳಿದಿರುವವರು ಪುಣ್ಯವಂತರು. ನಮ್ಮ ಮನೆಗೆ ವಿಮೆ ಮಾಡಿಸಲು ಬಂದವನು ಟೀವಿ, ಫ್ರಿಜ್ಜು, ಮಿಕ್ಸಿ ಎಲ್ಲ ಬರೆದುಕೊಂಡು "ಬೇರೇನೈತಣ್ಣ?" ಎಂದ. ಬಂದೂಕು ಎಂದೆ. ಅವನ ಫಾರಮ್ಮಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಟೀವಿ ಹೋದರೆ ಇನ್ನೊಂದು ತರಬಹುದು, ಅಪ್ಪನ ಬಂದೂಕನ್ನು ಬರೆದುಕೊಳ್ಳದಿದ್ದರೆ ನಿನ್ನ ವಿಮೆಯೇ ಬೇಡ ಎಂದು ಹಟ ಹಿಡಿದೆ. ಪಾಪ, ಅವನು ಚಿತ್ರದುರ್ಗದ ಕಚೇರಿಗೆ ನಾಲ್ಕು ಸಲ ಅಲೆದು, ಲೈಸೆನ್ಸಿನ ಪ್ರತಿ ಕೊಟ್ಟು, ನಂಬರಿನ ಸಮೇತ ಅದನ್ನು ಪಾಲಿಸಿಗೆ ಸೇರಿಸಿದ. ಕಳುವಾದರೂ ಬಿದ್ದು ಮುರಿದರೂ ಹೊಣೆ ಕಂಪನಿಯದು.

ಆಯುಧ ಪೂಜೆಯ ಹಿಂದಿನ ದಿನ ಎಂದಿನಂತೆ, ಒಳಗೆ ಗುಂಡಿಲ್ಲವೆಂದು ಎರಡೆರಡು ಸಲ ನೋಡಿ, ನಳಿಗೆಗೆ ಎಣ್ಣೆ ಒರೆಸಿ, ಹಿತ್ತಾಳೆ ಬೆಳಗಿ, ತಾರಸಿಯ ಮೇಲೆ ಬಿಸಿಲಿಗಿಟ್ಟೆ. ಕೆಳಗಿನಿಂದ ನನ್ನ ಹೆಂಡತಿ ಗಿರಿಜ "ಕಾಫಿ ಆರ್ತೈತೆ, ಬರ್ರಿ" ಎಂದಳು. ಇಳಿದು ಎರಡು ಗುಟುಕು ಕುಡಿಯುವಷ್ಟರಲ್ಲಿ ಅಂಗಳದಲ್ಲಿ ದಡಾರನೆ ಸದ್ದಾಯಿತು. ಓಡಿ ಹೋಗಿ ನೋಡಿದರೆ ಮೇಲೆ ತಾರಸಿಯ ಗೋಡೆಯ ಮೇಲೊಂದು ಕೋತಿ, ಕೆಳಗೆ ಹಿಡಿ ಎರಡು ಹೋಳಾದ ಬಂದೂಕು. ಕೋತಿ ಬೆರಳು ನೆಕ್ಕುತ್ತಿತ್ತು. ಅಪ್ಪನ ಬೆವರು ಕುಡಿದ ಮರ ಹಾಗೆ ಸೀಳಿ ಬಿದ್ದದ್ದು ಕಂಡು ನನಗೆ ಅಳು ಬಂತು. ಅಳು ಬಂದದ್ದಕ್ಕೆ ಸಿಟ್ಟು ಬಂತು.

ರುದ್ರಪ್ಪನ ಮೂಲಕ ಪರಿಹಾರ ಕೇಳಿದೆ. ವಾರದ ಮೇಲೆ ನಷ್ಟ ನೋಡಿ ಬರೆದುಕೊಳ್ಳಲು ಕಂಪನಿಯಿಂದ ಸರ್ವೇಯರು ಬಂದರು. ನಡುವಯಸ್ಸು, ಮೆತ್ತನೆಯ ಮಾತು. ಕನ್ನಡಕ ಏರಿಸಿ ತಗಡು ನೋಡಿದರು, ಇಳಿಸಿ ನೋಡಿದರು, ಟಾರ್ಚು ಬಿಟ್ಟು ನೋಡಿದರು.

"ನಂಬರ್ ಎಲ್ಲೈತ್ರಿ, ಸಾರ್?"

"ಕಣ್ಮುಂದೇ ಐತಲ್ರಿ."

"ನಂಗೆ ಒಂದು ಸೊನ್ನೆ ಕಾಣ್ತೈತೆ. ಅದೂ ಅರ್ಧ. ಪಾಲಿಸೀಲಿರೋ ಬಂದೂಕು ಇದೇ ಅಂತ ಹೆಂಗ್ ಬರೀಲಿ?"

ಅಂದರೆ ನಾನು ಯಾರದೋ ಬಂದೂಕು ತಂದು ಮುರಿದಿಟ್ಟಿದ್ದೇನೆಯೇ? ನನ್ನ ಮನೆಯಲ್ಲಿ, ನನ್ನ ಕುರ್ಚಿಯಲ್ಲಿ ಕೂತು, ನನ್ನ ಕಾಫಿ ಕುಡಿದು, ಅಪ್ಪನ ವಸ್ತು ನಿಮ್ಮದಲ್ಲ ಎನ್ನುವ ಧೈರ್ಯ! ಮೈಯೆಲ್ಲ ಉರಿದುಹೋಯಿತು. ಅವರು ಬೀದಿ ದಾಟುವವರೆಗೆ ನೋಡಿ, ಒಳಗೆ ಬಂದು ಬರೆಯಲು ಕೂತೆ.

ಮೂರು ಹಾಳೆ ಬರೆದೆ. "ಕಣ್ಣಿದ್ದೂ ಕುರುಡರಾದ ತಮ್ಮ ಸರ್ವೇಯರು" ಎಂದು ಶುರುಮಾಡಿ, ಎರಡನೆಯ ಹಾಳೆಯಲ್ಲಿ ಹದಕ್ಕೆ ಬಂದೆ. "ಸದರಿ ಬಂದೂಕನ್ನು ನನ್ನಷ್ಟು ಜತನದಿಂದ ಕಾಪಾಡಿದವರು ಈ ಜಿಲ್ಲೆಯಲ್ಲೇ ಇಲ್ಲ. ಇಪ್ಪತ್ತೆರಡು ವರ್ಷಗಳಿಂದ ಪ್ರತಿ ಆಯುಧ ಪೂಜೆಗೂ ನಾನೇ ಕೈಯಾರೆ ಹುಣಸೆಹಣ್ಣು, ಇಟ್ಟಿಗೆ ಪುಡಿ ಹಾಕಿ ಆ ತಗಡನ್ನು ಮುಖ ಕಾಣುವ ಹಾಗೆ ಉಜ್ಜುತ್ತಾ ಬಂದಿದ್ದೇನೆ. ತಮ್ಮ ಸರ್ವೇಯರೂ ತಮ್ಮ ಕಣ್ಣುಗಳನ್ನು ಹಾಗೆಯೇ ತೊಳೆದುಕೊಳ್ಳತಕ್ಕದ್ದು." ಓದಿ ಹೇಳಿದಾಗ ಗಿರಿಜ ನಗಲಿಲ್ಲ. "ಬರ್ದಿದ್ದು ಬರ್ದ್ರಿ, ನಾಳೆ ಹಾಕ್ರಿ. ಒಂದ್ಸಲ ಮಲಗೆದ್ದು ಓದ್ರಿ" ಎಂದಳು. ಅವಳಿಗೇನು ಗೊತ್ತು ಬರವಣಿಗೆ? ಅಂದೇ ಮಧ್ಯಾಹ್ನ ಅಂಚೆ ಕಚೇರಿಗೆ ಹೋಗಿ ರಿಜಿಸ್ಟರ್ ಮಾಡಿಸಿ ಬಂದೆ.

ಉತ್ತರ ಅರ್ಧ ಹಾಳೆಯಷ್ಟೇ. ಜೊತೆಗೆ ನನ್ನ ಎರಡನೆಯ ಹಾಳೆಯ ಪ್ರತಿ, ಉಜ್ಜುವ ವಾಕ್ಯದ ಕೆಳಗೆ ಕೆಂಪು ಗೆರೆ. ಗುರುತಿನ ಸಂಖ್ಯೆಯನ್ನು ಇಪ್ಪತ್ತೆರಡು ವರ್ಷಗಳಿಂದ ತಾವೇ ಉಜ್ಜಿ ಸವೆಸಿರುವುದಾಗಿ ಪಾಲಿಸಿದಾರರು ಲಿಖಿತವಾಗಿ ತಿಳಿಸಿರುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಪ್ರತಿ, ಬಂದೂಕು ಲೈಸೆನ್ಸು ನೋಡುವ ಅಧಿಕಾರಿಗಳಿಗೆ.

ಹಳೆಯ ದಾಖಲೆಗಳನ್ನು ತೆಗೆದು ಅದು ನಮ್ಮದೇ ಎಂದು ಖಾತ್ರಿಯಾಗುವವರೆಗೆ ಬಂದೂಕು ಪೊಲೀಸ್ ಠಾಣೆಯಲ್ಲಿರಬೇಕಂತೆ. ಎರಡು ಹೋಳನ್ನೂ ಗೋಣಿಯಲ್ಲಿ ಸುತ್ತಿಕೊಂಡು ನಾನೇ ಒಯ್ದು ಕೊಟ್ಟೆ. ಬರೆದುಕೊಳ್ಳುವ ಪೇದೆ ನಂಬರು ಕೇಳಿದ. ಗಡಗಡನೆ ಹೇಳಿದೆ. ಅವನು ತಗಡನ್ನು ನನ್ನ ಕಡೆ ತಿರುಗಿಸಿ, "ತೋರ್ಸ್ರಿ, ಸಾರ್" ಎಂದ. ಬಗ್ಗಿ ನೋಡಿದೆ. ಅಪ್ಪನ ನಂಬರು ಇರಬೇಕಾದ ಕಡೆ ನನ್ನ ಮುಖ ಕಂಡಿತು.

ಮನೆಗೆ ಬಂದೆ. ಅಂಥ ಸಿಟ್ಟು ಜನ್ಮದಲ್ಲಿ ಬಂದಿರಲಿಲ್ಲ. ಬಿಳಿ ಹಾಳೆ ತೆಗೆದು, ಪೆನ್ನು ಬಿಚ್ಚಿ, "ಇವರಿಗೆ" ಎಂದು ಬರೆದು ಅಲ್ಲೇ ನಿಂತೆ. ಗಿರಿಜ ಹಿಂದೆ ಬಂದು ನಿಂತು ನೋಡಿದಳು.

"ನಿಮ್ ಹೆಸರಿಗೇ ಬರ್ಕಳ್ರಿ" ಎಂದಳು. "ನಾಳೆ ಹಾಕಿದ್ರಾತು."