ಅರ್ಧಕ್ಕೇ ನಿಲ್ಲಿಸಿದ್ದ ಗೇನ್

ನನ್ನಷ್ಟು ಅನುಮಾನದ ಪ್ರಾಣಿ ಚಿಕ್ಕಬಳ್ಳಾಪುರದಲ್ಲಿ ಇನ್ನೊಂದಿರಲಾರದು. ತರಕಾರಿಯವಳು ತಕ್ಕಡಿ ಎತ್ತಿದರೆ ನಾನು ತರಕಾರಿ ನೋಡುವುದಿಲ್ಲ, ಅವಳ ಕಿರುಬೆರಳು ನೋಡುತ್ತೇನೆ. ಬಿ.ಎಸ್ಸಿ. ಓದಿದ್ದರಿಂದ ಈ ಗುಣಕ್ಕೆ ವೈಜ್ಞಾನಿಕ ಮನೋಭಾವ ಎಂಬ ಗೌರವದ ಹೆಸರೂ ಸಿಕ್ಕಿದೆ.

ಸಿ.ಡಿ. ಪ್ಲೇಯರ್‌ಗಳ ಕಾಲ. ನನ್ನ ಭಾವಮೈದುನ ಮಂಜು ತನ್ನ ಹಳೆಯ ವ್ಯಾನಿಗೆ ಚಿಂತಾಮಣಿಯಲ್ಲಿ ಆಂಪ್ಲಿಫೈಯರ್ ಹಾಕಿಸಿದ. ವ್ಯಾನು ಓಡುತ್ತಿದ್ದುದು ಅಡುಗೆ ಗ್ಯಾಸಿನಲ್ಲಿ. ಸಿಲಿಂಡರಿಗೆ ಒತ್ತಿಕೊಂಡೇ ದೊಡ್ಡ ಸ್ಪೀಕರ್ ಡಬ್ಬ. ಮೆಕ್ಯಾನಿಕ್ ನಾರಾಯಣಸ್ವಾಮಿ ಆಂಪ್ಲಿಫೈಯರಿನ ಮೇಲಿದ್ದ ಗೇನ್ ಎಂಬ ತಿರುಪನ್ನು ಅರ್ಧಕ್ಕೇ ನಿಲ್ಲಿಸಿ, “ಇದನ್ನ ಮಾತ್ರ ಮುಟ್ಬೇಡಿ ಸಾರ್” ಎಂದ. ಮುಟ್ಟಬೇಡಿ ಎನ್ನುವವರ ಮೇಲೆ ನನಗೆ ವಿಶೇಷ ಅನುಮಾನ. ಪೂರ್ತಿ ಆಂಪ್ಲಿಫೈಯರ್ ಮಾರಿ ಅರ್ಧ ಶಬ್ದ ಕೊಡುವುದೆಂದರೇನು? ಮುರುಗಮಲ್ಲಕ್ಕೆ ಹೊರಟ ದಿನ ದಾರಿಯಲ್ಲಿ ಮಂಜುವೂ ಅವನಕ್ಕ, ಅಂದರೆ ನನ್ನ ಹೆಂಡತಿ ಸರಳಳೂ ಟೀಗೆ ಇಳಿದಾಗ, ಪೆನ್ನಿನ ಕ್ಲಿಪ್ಪಿನಿಂದ ತಿರುಪನ್ನು ಕೊನೆವರೆಗೂ ತಿರುಗಿಸಿದೆ. ಅವರು ಹತ್ತಿ ವ್ಯಾನು ಹೊರಟಾಗ ಹಾಡು ಗುಡುಗಿತು. “ನೋಡುದ್ರಾ ಭಾವ, ಸೆಟ್ಟು ಈಗ ಪಳಗ್ತು!” ಎಂದು ಮಂಜು ಕೂತಲ್ಲೇ ಕುಣಿದ.

ಸ್ವಲ್ಪ ದೂರದಲ್ಲೇ ಹಾಡಿನ ಗಂಟಲು ಒಡೆಯಿತು. ಆಮೇಲೆ ಸುಟ್ಟ ವಾಸನೆ. “ಏನ್ರೀ, ಮತ್ತೆ ಸಿಗರೇಟು ಶುರು ಮಾಡಿದ್ರಾ?” ಎಂದಳು ಸರಳ, ಹಿಂದಿನಿಂದ. ತಿರುಗಿದರೆ ಡಬ್ಬದಿಂದ ಹೊಗೆ, ಪಕ್ಕದಲ್ಲಿ ಸಿಲಿಂಡರ್, ಅದರ ಮೇಲೆ ಮೊಣಕೈ ಊರಿದ ಸರಳ. ಈಗಲೂ ಕಣ್ಣು ಮುಚ್ಚಿದರೆ ಆ ಮೂರೂ ಒಟ್ಟಿಗೇ ಕಾಣುತ್ತವೆ. “ಇಳಿಯೇ, ಇಳಿಯೇ!” ಎಂದು ಕೂಗಿದವನು ನಾನೇ, ಎಲ್ಲರಿಗಿಂತ ಮೊದಲು ಇಳಿದು ಹುರುಳಿ ಹೊಲದ ನಡುವೆ ನಿಂತವನೂ ನಾನೇ. ಅಕ್ಕನನ್ನು ಹೊರಗೆಳೆದು, ಬ್ಯಾಟರಿಯ ವೈರು ಕಿತ್ತು, ಹೊಗೆ ನಿಲ್ಲಿಸಿದವನು ಮಂಜು.

ಚಿಂತಾಮಣಿಗೆ ವಾಪಸು ಬಂದಾಗ ನಾರಾಯಣಸ್ವಾಮಿ ಸ್ಪೀಕರನ್ನು ಮೂಸಿ, ತಿರುಪನ್ನು ನೋಡಿದ. “ಏಮಪ್ಪಾ, ಗೇನ್ ಅಂದ್ರೆ ವಾಲ್ಯೂಮ್ ಅಲ್ಲ. ಪ್ಲೇಯರ್ ಎಷ್ಟು ಜೋರಾಗಿ ಮಾತಾಡುತ್ತೋ ಅದಕ್ಕೆ ತಕ್ಕಂಗೆ ಆಂಪ್ಲಿಫೈಯರ್ ಕಿವಿ ಹೊಂದಿಸೋದು. ಪೂರ್ತಿ ತಿರುಗ್ಸಿದ್ರೆ ಪಿಸುಮಾತನ್ನೂ ಕಿರುಚಾಟ ಮಾಡಿ ಸ್ಪೀಕರ್ ಸುಡುತ್ತೆ. ಯಾರು ತಿರುಗ್ಸಿದ್ದು?”

“ನಮ್ಮನ್ನೇ ಕೇಳ್ತೀಯೇನಯ್ಯಾ?” ಮಂಜು ರೇಗಿದ. “ನಾವು ಟೀಗೆ ಇಳಿದಾಗ್ಲೂ ನಮ್ ಭಾವ ವ್ಯಾನಲ್ಲೇ ಇದ್ರು, ಅವರನ್ನ ದಾಟಿ ಯಾರು ಮುಟ್ತಾರೆ? ನಿನ್ನ ಫಿಟಿಂಗೇ ಸರಿಯಿಲ್ಲ!”

ನಾರಾಯಣಸ್ವಾಮಿ ನನ್ನನ್ನೇ ನೋಡಿದ. ನಾನು ಗಂಭೀರವಾಗಿ, “ಫಿಟಿಂಗ್ ಮೇಲೆ ನನಗೆ ಮೊದಲಿಂದ್ಲೂ ಅನುಮಾನ” ಎಂದೆ.

ಅವನು ಬೇರೆ ಸ್ಪೀಕರ್ ಹಾಕಿಕೊಟ್ಟ. ಅಂದಿನಿಂದ ನನಗೆ ಒಬ್ಬನನ್ನು ಬಿಟ್ಟು ಜಗತ್ತಿನ ಎಲ್ಲರ ಮೇಲೂ ನಂಬಿಕೆ ಬಂದಿದೆ. ಆ ಒಬ್ಬನನ್ನು ಮನೆಯಲ್ಲೇ ಬಿಟ್ಟು ಪ್ರಯಾಣ ಹೊರಡುವ ಉಪಾಯ ಮಾತ್ರ ಇನ್ನೂ ಹೊಳೆದಿಲ್ಲ.