ನಮ್ಮ ಭಾವ ಹಾರಿಸದ ಫಿರಂಗಿ

ಹೇಳಬೇಕು ಹೇಳಬೇಕು ಎಂದುಕೊಂಡೇ ಇದನ್ನು ಎಷ್ಟೋ ವರ್ಷ ಮುಂದೂಡಿದೆ. ಮೊದಲು ಅಕ್ಕ ಬೈದಾಳೆಂಬ ಹೆದರಿಕೆ, ಆಮೇಲೆ ಕಣ್ಣಿನ ಆಪರೇಷನ್, ಆಮೇಲೆ ನೆವ ಹುಡುಕುವುದಕ್ಕೂ ಸೋಮಾರಿತನ! ಇವತ್ತು ಕೂತಿದ್ದೇನೆ. ಎಸ್ಸೆಸ್ಸೆಲ್ಸಿಯವರೆಗೆ ಕಲಿತ ಕನ್ನಡ ಎಲ್ಲಿಯವರೆಗೆ ಎಳೆಯುತ್ತದೋ ನೋಡೋಣ.

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಉಪ್ಪಿಟ್ಟಿಗೂ ಟೈಂಟೇಬಲ್ ಹಾಕುತ್ತಿದ್ದ ಮನುಷ್ಯ. ಸೈನ್ಯದಿಂದ ನಿವೃತ್ತರಾಗಿ ಬಂದು ಹಲಸೂರಿನಲ್ಲಿ ತಗಡಿನ ಟ್ರಂಕಿನ ಅಂಗಡಿ ಇಟ್ಟಿದ್ದರು. ಮನೆಯ ಗೋಡೆಗೆ ದಿನಾ ಒಂದು ಚೀಟಿ: ಐದಕ್ಕೆ ಏಳುವುದು, ಐದೂ ಹತ್ತಕ್ಕೆ ಮುಖ ತೊಳೆಯುವುದು, ಆರೂ ಇಪ್ಪತ್ತಕ್ಕೆ ನಗುವುದು. ನಗುವುದಕ್ಕೂ ಟೈಮೇ? ಹೌದು ಸ್ವಾಮಿ!

“ರೀ, ಜಗಳ ಆಡೋಕೆ ಎಷ್ಟು ಗಂಟೆಗೆ ಬರ್ಲಿ?” ಎಂದು ಅಕ್ಕ ಕೇಳಿದಳು.

ಭಾವ ಚೀಟಿ ನೋಡಿ ಗಂಭೀರವಾಗಿ ಹೇಳಿದರು: “ಭಾನುವಾರ ನಾಲ್ಕಕ್ಕೆ ಖಾಲಿ ಇದೆ ಕಣೆ.”

ಟ್ರಂಕು ಗಟ್ಟಿಯೇ ಎಂದು ಗಿರಾಕಿ ಕೇಳಿದರೆ ಸಾಕು, ತೊಂಬತ್ತು ಕೆಜಿಯ ಭಾವ ಚಪ್ಪಲಿ ಬಿಚ್ಚಿ ಅದರ ಮೇಲೆ ಹತ್ತಿ ಕುಣಿಯುತ್ತಿದ್ದರು. ಒಮ್ಮೆ ಶಿವಾಜಿನಗರದಿಂದ ಬಂದ ಅಜ್ಜಿಯೊಬ್ಬರಿಗೂ “ನೀವೂ ಹತ್ತಿ ನೋಡಿ ಅಮ್ಮಾ” ಎಂದು ಕೈ ನೀಡಿದರು.

“ಅರೆ ಭಾಯ್, ನಂಗೆ ಪೆಟ್ಗೆ ಬೇಕು, ಸರ್ಕಸ್ ಅಲ್ಲ!” ಎಂದರು ಅವರು. ಆದರೂ ಹತ್ತಿದರು! ಎರಡು ಟ್ರಂಕು ಕೊಂಡರು.

ಪಕ್ಕದಲ್ಲಿ ಕೂತು ಮಾತಿನಲ್ಲಿ ಮಾರುವುದು ನನ್ನ ಕೆಲಸ. “ಇವರು ಗಡಿಯಲ್ಲಿ ಫಿರಂಗಿ ಹಾರಿಸಿದವರು” ಎಂದು ಬಂದವರಿಗೆಲ್ಲ ಬುರುಡೆ ಬಿಡುತ್ತಿದ್ದೆ. ಭಾವನ ಮಗಳಿಗೂ ಅದನ್ನೇ ಹೇಳಿದ್ದೆ. ನಿಜವಾಗಿ ಭಾವ ಸೈನ್ಯದಲ್ಲಿ ಅಡುಗೆಯವರು! “ಹಂಗೆಲ್ಲ ಹೇಳ್ಬೇಡ್ವೋ, ನಾನು ಸಿಡಿಸಿದ್ದು ಸಾಸಿವೆ ಮಾತ್ರ” ಎಂದು ನಾನೊಬ್ಬನೇ ಇದ್ದಾಗ ಗದರುತ್ತಿದ್ದರು. ನಾಲ್ಕು ಜನರ ಮುಂದೆ ನನ್ನನ್ನು ಬಿಟ್ಟುಕೊಡುತ್ತಿರಲಿಲ್ಲ.

ಮಗಳನ್ನು ನೋಡಲು ಕೆ.ಆರ್. ಪುರದಿಂದ ಗಂಡಿನ ಕಡೆಯವರು ಬರುವ ದಿನ ಬಂತು. ಚೀಟಿ ಸಿದ್ಧ: ಹತ್ತಕ್ಕೆ ಉಪ್ಪಿಟ್ಟು, ಹತ್ತೂಕಾಲಿಗೆ ಹುಡುಗಿ, ಹತ್ತೂಮುಕ್ಕಾಲಿಗೆ ಬೀಳ್ಕೊಡುಗೆ. ಪಾಪ, ಅವರು ಟ್ರಾಫಿಕ್ಕಿನಲ್ಲಿ ಸಿಕ್ಕಿ ಬಂದದ್ದೇ ಹತ್ತೂಮುಕ್ಕಾಲಿಗೆ. ಭಾವ ಗೇಟಿನಲ್ಲೇ ಕೈ ಮುಗಿದರು: “ನೀವೆಲ್ಲ ಬಂದಿದ್ದು ತುಂಬಾ ಸಂತೋಷ. ಹೋಗ್ಬನ್ನಿ!”

“ಈ ಫಿರಂಗಿಯವರ ಸಹವಾಸ ಬೇಡಪ್ಪಾ!” ಎಂದು ಹುಡುಗನ ತಾಯಿ ಕಾರಿನ ಕಡೆ ತಿರುಗಿಯೇಬಿಟ್ಟರು. ನನ್ನ ಬುರುಡೆ ಕೆ.ಆರ್. ಪುರದವರೆಗೂ ಹೋಗಿತ್ತು!

ನನಗೆ ಗಾಬರಿ. “ಅಮ್ಮಾ, ಫಿರಂಗಿನೂ ಇಲ್ಲ ಏನೂ ಇಲ್ಲ! ಇವ್ರು ಸೈನ್ಯದಲ್ಲಿ ಚಪಾತಿ ಲಟ್ಟಿಸ್ತಿದ್ದೋರು!” ಎಂದುಬಿಟ್ಟೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

ಹುಡುಗನ ತಂದೆ ಮಾತ್ರ ನಗಲಿಲ್ಲ. “ಮತ್ತೆ ಆ ಸುಳ್ಳು ಹೇಳ್ಕೊಂಡು ತಿರುಗಿದ್ಯಾರು?”

ಭಾವ ನನ್ನನ್ನೊಮ್ಮೆ ನೋಡಿದರು. “ನಾನೇ ಸ್ವಾಮಿ. ಟ್ರಂಕ್ ಮಾರ್ಬೇಕಿತ್ತಲ್ಲ!”

“ಒಪ್ಕೊಳ್ಳೋ ಎದೆ ಇದೆ ನಿಮ್ಗೆ” ಎಂದು ಆ ಹಿರಿಯರೂ ನಕ್ಕರು. ಭಾವ ಒಳಗೆ ಹೋಗಿ ತಾವೇ ಹೊಸದಾಗಿ ಉಪ್ಪಿಟ್ಟು ಕೆದಕಿದರು. ತಟ್ಟೆ ಖಾಲಿಯಾಗುವಷ್ಟರಲ್ಲಿ ಸಂಬಂಧ ಕುದುರಿತು! ಆದರೆ ಬಾಗಿಲ ಹಿಂದೆ ನಿಂತಿದ್ದ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಆ ಸುಳ್ಳು ಕಟ್ಟಿ ಮಾಮನ ಬಾಯಲ್ಲಿ ಹೇಳಿಸಿದ್ದು ಅಪ್ಪನೇ ಎಂದು ನಂಬಿದಳು. ಆಮೇಲೆ ಅವರ ಸೈನ್ಯದ ಮಾತನ್ನು ಎಂದೂ ಎತ್ತಲಿಲ್ಲ. ಅವರೂ ಹೇಳಲಿಲ್ಲ. ನಾನಂತೂ ಬಾಯಿ ಬಿಡಲೇ ಇಲ್ಲ.

ಹೋದ ತಿಂಗಳು ಭಾವ ತೀರಿಕೊಂಡರು. ಕಲ್ಪಳ್ಳಿಯ ಸ್ಮಶಾನದಿಂದ ಬರುವಾಗ ಅವಳು ಕಾರಿನಲ್ಲಿ ನನ್ನ ಭುಜಕ್ಕೆ ಒರಗಿ ಹೇಳಿದಳು: “ಅದೊಂದು ಸುಳ್ಳು ಬಿಟ್ರೆ ಅಪ್ಪ ಚಿನ್ನ ಅಲ್ವಾ ಮಾಮ?”

ನಾನು “ಹೂಂ” ಎಂದೆ. ಆಗಲೂ!

ಆ ಸುಳ್ಳು ನನ್ನದು ಕಣಮ್ಮ. ಅದನ್ನು ಹೊತ್ತುಕೊಂಡು ಹೋದವರು, ನನ್ನಿಂದ ಒಂದು ದಿನವೂ ಕ್ಷಮೆ ಕೇಳಿಸಿಕೊಳ್ಳದೆ ಹೋದವರು, ನಿಮ್ಮಪ್ಪ, ಚಿಕ್ಕಮುನಿಯಪ್ಪ.