ಮೀನಿಗೆ ತಿನ್ನಿಸಿದವರು

ಓಪಲ್‌ಗೆ ಕಂಡವರಿಗೆಲ್ಲ ತಿನ್ನಿಸುವ ಹುಚ್ಚು. ಐದು ವರ್ಷದ ಹುಡುಗಿ. ತನ್ನ ಪಾಲಿನ ಬಿಸ್ಕತ್ತನ್ನು ನಾಯಿಗೆ ಹಾಕುವುದು ಎಲ್ಲ ಮಕ್ಕಳೂ ಮಾಡುವ ಕೆಲಸ. ಇವಳು ಅಜ್ಜಿಯ ಹೊಲಿಗೆ ಯಂತ್ರಕ್ಕೂ ಹಾಕಿದ್ದಳು. ಕ್ರಿಸ್ಮಸ್‌ಗೆ ಚರ್ಚಿನಲ್ಲಿಟ್ಟ ಗೊಂಬೆ ಯೇಸುವಿನ ಬಾಯಿಗೆ ಬಟಾಣಿ ತುರುಕಿದ್ದಳು. ಅದನ್ನು ಹೊರಗೆ ತೆಗೆಯಲು ಪಾದ್ರಿ ಬ್ರದರ್ ಹಾಯ್ಟ್ ಹೆಣಿಗೆ ಕಡ್ಡಿ ತರಿಸಬೇಕಾಯಿತು. ಯಾಕಮ್ಮಾ ಹೀಗೆ ಎಂದರೆ, ಪಾಪ ಹಸಿದಿತ್ತು ಅನ್ನುತ್ತಾಳೆ. ತಾಯಿ ಸತ್ತ ಮೇಲೆ ಶುರುವಾದ ಚಾಳಿ, ಹಾಗಾಗಿ ಯಾರೂ ಜೋರಾಗಿ ಬೈಯುತ್ತಿರಲಿಲ್ಲ.

ಅವಳ ತಂದೆ ಹಾರ್ಲನ್ ಪ್ರೂಯಿಟ್‌ಗೂ ಆಗ ಒಂದು ಚಾಳಿ ಶುರುವಾಗಿತ್ತು. ಹೆಂಡತಿಯನ್ನು ಮಣ್ಣು ಮಾಡಿ ಬಂದವನು ಚಳಿಗಾಲ ಪೂರ್ತಿ ಕುಡಿದ. ಕೋಳಿ ಕಾರ್ಖಾನೆಯ ಕೆಲಸಕ್ಕೆ ಹೋಗುವುದನ್ನು ಮರೆತ, ಮಗಳಿಗೆ ಊಟ ಹಾಕುವುದನ್ನೂ ಒಂದೆರಡು ಸಲ ಮರೆತ. ಊರೆಲ್ಲ ಗೌರವದಿಂದ ಮಿಸ್ ವರ್ನಾ ಎನ್ನುವ ಅವನ ಅತ್ತೆ ಬಂದು ಮೊಮ್ಮಗಳನ್ನು ಎತ್ತಿಕೊಂಡು ಹೋದರು. ಈಗ ಅವನು ಕುಡಿತ ಬಿಟ್ಟು ವರ್ಷ ದಾಟಿತ್ತು. ಆದರೆ ನಮ್ಮೂರಿನವರಿಗೆ ಒಬ್ಬ ಕುಡಿದದ್ದು ನೆನಪಿರುತ್ತದೆ, ಬಿಟ್ಟದ್ದು ನೆನಪಿರುವುದಿಲ್ಲ.

ವರ್ಷಕ್ಕೊಮ್ಮೆ ನಮ್ಮ ಚರ್ಚಿನವರು ಹಿಕರಿ ಕೆರೆಯಲ್ಲಿ ಮಕ್ಕಳಿಗಾಗಿ ಬ್ಯಾಸ್ ಮೀನು ಹಿಡಿಯುವ ಪಂದ್ಯ ಇಡುತ್ತಾರೆ. ಮನೆಯ ಹಿರಿಯರೊಬ್ಬರು ದೋಣಿ ನಡೆಸಬೇಕು, ಮೀನು ಹಿಡಿಯುವುದು ಮಗು. ಹಿಡಿದದ್ದನ್ನು ಜೀವಂತ ತಂದು ತೂಗಿಸಿ, ಮತ್ತೆ ಕೆರೆಗೆ ಬಿಡಬೇಕು. ಎಲ್ಲಕ್ಕಿಂತ ಭಾರದ ಮೀನಿಗೆ ಬೆಳ್ಳಿ ಬಣ್ಣದ ಬಟ್ಟಲು. ಈ ಸಲ ಮಿಸ್ ವರ್ನಾ ಓಪಲ್‌ಳನ್ನು ಅಪ್ಪನ ಜೊತೆ ಕಳಿಸಲು ಒಪ್ಪಿದ್ದರು.

"ಇವತ್ತೊಂದು ದಿನ ನೋಡ್ತೀನಿ ಹಾರ್ಲನ್," ಎಂದರು ದಡದಲ್ಲಿ ನಿಂತು. "ಮಗು ಹೋದ ಹಾಗೇ ವಾಪಸ್ ಬರಬೇಕು. ಚಾಕು, ಗಾಳದ ಮುಳ್ಳು, ಗಾಳ ಮುಳುಗಿಸೋ ಆ ಸೀಸದ ಗುಂಡು, ಯಾವುದೂ ಅವಳ ಕೈಗೆ ಸಿಗಬಾರದು. ಸೀಸ ವಿಷ, ಗೊತ್ತಲ್ಲ. ಎಲ್ಲಾ ಸರಿ ಹೋದ್ರೆ ಸ್ಕೂಲು ಶುರುವಾಗೋ ಹೊತ್ತಿಗೆ ನಿನ್ನ ಮನೇಲೇ ಇರ್ಲಿ."

"ಆಗ್ಲಿ ಮಿಸ್ ವರ್ನಾ," ಎಂದ ಹಾರ್ಲನ್. ಮಗಳಿಗೆಂದು ಒಂದು ಕೋಣೆಗೆ ಹಳದಿ ಬಣ್ಣ ಬಳಿದು, ದಿನಾ ಹೋಗಿ ಬಾಗಿಲಲ್ಲಿ ನಿಂತು ನೋಡಿ ಬರುತ್ತಿದ್ದ.

ಆಕಾಶ ತೊಳೆಯದೆ ಬಿಟ್ಟ ಬಾಣಲೆಯ ಹಾಗಿತ್ತು. ಹಾರ್ಲನ್‌ನ ತಗಡಿನ ದೋಣಿ ಹೊರಟ ಸ್ವಲ್ಪ ಹೊತ್ತಿಗೇ ಓಪಲ್‌ಳ ಒಂದು ಬೂಟು ನೀರು ಪಾಲಾಯಿತು. ಗಾಳಕ್ಕೆ ಸಿಕ್ಕಿಸುವ ರಬ್ಬರ್ ಹುಳಕ್ಕೆ ಅವಳು ಅರ್ನೆಸ್ಟ್ ಎಂದು ಹೆಸರಿಟ್ಟು, ಅರ್ನೆಸ್ಟ್‌ಗೆ ಮುಳ್ಳು ಚುಚ್ಚಬೇಡ ಎಂದು ಅತ್ತಳು. ಅವನಿಗೆ ನೋವಾಗುವುದಿಲ್ಲ ಎಂದು ತೋರಿಸಲು ಹೋಗಿ ಹಾರ್ಲನ್ ತನ್ನ ಹೆಬ್ಬೆರಳಿಗೇ ಚುಚ್ಚಿಕೊಂಡ. ಕೆರೆಯ ನಟ್ಟನಡುವೆ ಅವಳಿಗೆ ಒಂದಕ್ಕೆ ಅವಸರವಾಯಿತು. ದಡಕ್ಕೆ ಹೋಗಿ ಮುಳ್ಳಿನ ಪೊದೆಯ ಹಿಂದೆ ಕೂರಿಸಿದರೆ, ಈಗ ಬರ್ತಿಲ್ಲ ಅಂದಳು.

ಇದನ್ನೆಲ್ಲ ಪಕ್ಕದ ದೋಣಿಯಿಂದ ವೆಂಡೆಲ್ ಗ್ರಿಮ್ಸ್ ನೋಡುತ್ತಿದ್ದ. ಚರ್ಚಿನ ಹಿರಿಯ, ಹಾರ್ಲನ್‌ನ ನೆರೆಮನೆಯವನು, ಕೇಳದೆ ಬುದ್ಧಿ ಹೇಳುವುದರಲ್ಲಿ ಜಿಲ್ಲೆಗೇ ಮೊದಲಿಗ. ಮೊಮ್ಮಗನನ್ನು ಮುಂದೆ ಕೂರಿಸಿಕೊಂಡು, ನೆರಳಲ್ಲಿ ಹಾಕು, ಆಳಕ್ಕೆ ಬಿಡು, ಎಂದು ಕೂಗುತ್ತಲೇ ಇದ್ದ. ಕೊನೆಗೆ, ಹುಡುಗಿಯ ಅಮ್ಮ ಇದ್ದಿದ್ದರೆ ಇಷ್ಟು ಹೊತ್ತಿಗೆ ಎರಡು ಮೀನು ಹಿಡಿದಿರುತ್ತಿದ್ದಳು ಎಂದ. ಅದು ನಿಜವೇ ಆಗಿದ್ದರಿಂದ ಹಾರ್ಲನ್ ದೋಣಿಯನ್ನು ಇನ್ನಷ್ಟು ಆಚೆ ನಡೆಸಿದ.

ಮಧ್ಯಾಹ್ನದ ಹೊತ್ತಿಗೆ ಓಪಲ್‌ಳ ಗುಲಾಬಿ ಬಣ್ಣದ ಗಾಳದ ಕೋಲು ಬಿಲ್ಲಿನ ಹಾಗೆ ಬಾಗಿತು. ಹಾರ್ಲನ್ ಅವಳ ಸೊಂಟ ಹಿಡಿದುಕೊಂಡ, ಅವಳು ಎಳೆದಳು. ಅವಳ ತೋಳಿನುದ್ದದ ಬ್ಯಾಸ್, ಬಾಯಿ ಬಿಟ್ಟುಕೊಂಡು ಮೇಲೆ ಬಂತು. ಅವಳಿಗೆ ಖುಷಿಯೇನೂ ಆಗಲಿಲ್ಲ.

"ಇದಕ್ಕೆ ಅಮ್ಮ ಇದಾಳಾ?" ಎಂದು ಕೇಳಿದಳು.

"ಇದಾಳೆ. ಕೆರೇಲಿದಾಳೆ. ಸಾಯಂಕಾಲ ಬಿಟ್ಬಿಡ್ತೀವಿ."

ಮೀನನ್ನು ದೋಣಿಯ ನೀರಿನ ತೊಟ್ಟಿಗೆ ಬಿಟ್ಟರು. ಎಂಜಿನ್ ಆಗಲೇ ಕೈಕೊಟ್ಟಿತು. ಹಾರ್ಲನ್ ಬೆನ್ನು ತಿರುಗಿಸಿ ಅದರೊಡನೆ ಗುದ್ದಾಡುತ್ತಿದ್ದರೆ, ಹಿಂದೆ ಗಲಗಲ ಸದ್ದು. ಅವನು ಸೀಟಿನ ಕೆಳಗೆ ಬಚ್ಚಿಟ್ಟಿದ್ದ ಸೀಸದ ಗುಂಡುಗಳ ತಗಡಿನ ಡಬ್ಬಿಯನ್ನು ಓಪಲ್ ಗಿಲಕಿ ಮಾಡಿಕೊಂಡಿದ್ದಳು. ಇಡು ಅದನ್ನ ಎಂದ. ಸ್ವಲ್ಪ ಹೊತ್ತಿಗೆ ಸದ್ದು ನಿಂತಿತು. ಮಗಳು ತೊಟ್ಟಿಯ ಮೇಲೆ ಬಗ್ಗಿ ಮೀನಿನ ಜೊತೆ ಮಾತಾಡುತ್ತಿದ್ದಳು. ಮಕ್ಕಳು ಸದ್ದಿಲ್ಲದೆ ಇದ್ದರೆ ಹೆದರಬೇಕು ಎಂಬುದು ತಾಯಂದಿರಿಗೆ ಗೊತ್ತು; ಹಾರ್ಲನ್‌ಗೆ ನೆಮ್ಮದಿಯಾಯಿತು.

ದಡದಲ್ಲಿ ಬ್ರದರ್ ಹಾಯ್ಟ್ ತಾವೇ ಬಂದು ಮೀನನ್ನು ನೀರಿನ ಚೀಲಕ್ಕೆ ಹಾಕಿಸಿಕೊಂಡರು. ಬಲು ಮೃದು ಮನಸ್ಸಿನವರು, ಸೊಳ್ಳೆ ಹೊಡೆದರೂ ಮೇಲೆ ನೋಡಿ ಕ್ಷಮೆ ಕೇಳುವಂಥವರು. ತಾಯಿಯಿಲ್ಲದ ಮಗುವಿಗೆ ದೇವರು ಈ ಬಟ್ಟಲೊಂದನ್ನಾದರೂ ಕೊಡಬಾರದೇ ಎಂದು ನಿಟ್ಟುಸಿರು ಬಿಟ್ಟು, ತಣ್ಣೀರು ಹಾಕಿ ತರುತ್ತೇನೆಂದು ಚೀಲ ಹಿಡಿದು ಡೇರೆಯ ಹಿಂದೆ ಹೋದರು. ವೆಂಡೆಲ್‌ನ ಮೊಮ್ಮಗನ ಮೀನು ಆಗಲೇ ತೂಗಿ ಮುಗಿದಿತ್ತು. ಅದೂ ಒಳ್ಳೇ ಹಂದಿಮರಿಯಂತಿತ್ತು.

ಓಪಲ್‌ಳ ಮೀನು ತಕ್ಕಡಿಗೆ ಬಂತು. ಮುಳ್ಳು ವೆಂಡೆಲ್‌ನ ಮೊಮ್ಮಗನ ಮೀನಿನ ತೂಕ ದಾಟಿ ನಿಂತಿತು. ಜನ ಚಪ್ಪಾಳೆ ತಟ್ಟಿದರು. ಮಿಸ್ ವರ್ನಾ ಹಾರ್ಲನ್‌ನ ತೋಳು ಮುಟ್ಟಿ, ಮಗುವಿನ ಬಟ್ಟೆಬರೆ ಕಟ್ಟಿಡುತ್ತೇನೆ ಎಂದರು. ಎಷ್ಟೋ ಕಾಲದ ಮೇಲೆ ಅವನಿಗೆ ಎದೆ ಹಗುರಾಯಿತು. ಆ ಸುಖ ಅವನಿಗೆ ದಕ್ಕಿದ್ದು ವೆಂಡೆಲ್ ತನ್ನ ಕನ್ನಡಕ ಒರೆಸಿಕೊಳ್ಳುವಷ್ಟು ಹೊತ್ತು.

"ಈ ಮೀನು ಇಷ್ಟು ತೂಗೋಕೆ ಸಾಧ್ಯಾನೇ ಇಲ್ಲ," ಎಂದು ವೆಂಡೆಲ್ ಅದರ ಹೊಟ್ಟೆ ಅಮುಕಿದ. ಮೀನು ಬಾಯಿ ತೆರೆಯಿತು. ಟಣ್ ಎಂದು ಸೀಸದ ಗುಂಡೊಂದು ಮೇಜಿನ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು.

ಬ್ರದರ್ ಹಾಯ್ಟ್‌ರ ಮುಖ ಸುಣ್ಣದ ಹಾಗಾಯಿತು. ಮೀನಿನ ಹತ್ತಿರ ಯಾರ್ಯಾರಿದ್ದರು ಎಂದು ವೆಂಡೆಲ್ ಕೇಳಿದ. ಓಪಲ್ ಕೈಯೆತ್ತಿ, "ನಾನು ಅದಕ್ಕೆ ತಿನ್ನೋಕೆ ಕೊಟ್ಟೆ," ಎಂದು ಶುರುಮಾಡಿದಳು.

ಹಾರ್ಲನ್‌ಗೆ ಗಲಗಲ ಸದ್ದು ನಿಂತ ಗಳಿಗೆ ನೆನಪಾಯಿತು. ಅತ್ತ ದರಿ, ಇತ್ತ ಪುಲಿ. ಮಗು ಹಾಕಿದ್ದು ಎಂದರೆ ಅವಳ ಕೈಗೆ ಸೀಸ ಕೊಟ್ಟ ಅಪ್ಪ. ತಾನು ಹಾಕಿದ್ದು ಎಂದರೆ ಮೋಸಗಾರ ಅಪ್ಪ. ಹೇಗೂ ಹಳದಿ ಕೋಣೆ ಖಾಲಿ. ಆದರೆ ಈ ಊರಿನಲ್ಲಿ ಓಪಲ್‌ಗೆ ಕಳ್ಳಿ ಎಂದು ಹೆಸರು ಬಂದರೆ ಅವಳ ಮದುವೆಯ ದಿನವೂ ಅದನ್ನೇ ಆಡಿಕೊಳ್ಳುತ್ತಾರೆ.

"ಮಗೂನ ಕೇಳಬೇಡಿ," ಎಂದ. "ನಾನೇ ಹಾಕಿದ್ದು."

ಎಲ್ಲರೂ ತಕ್ಷಣ ನಂಬಿದರು. ಒಬ್ಬನಾದರೂ ಅನುಮಾನ ಪಡಲಿಲ್ಲ. ಮಿಸ್ ವರ್ನಾ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಕಾರಿನಲ್ಲಿ ಕೂರಿಸಿ ಬಂದರು. ಮೀನನ್ನು ಕೆರೆಗೆ ಬಿಟ್ಟರು. ಅದೊಂದು ಮನೆ ಸೇರಿತು.

ಹಾರ್ಲನ್ ದೋಣಿಯಿಂದ ಸಾಮಾನು ಎತ್ತಿಡುವಾಗ ಆ ತಗಡಿನ ಡಬ್ಬಿ ಕೈಗೆ ಬಂತು. ಅಲ್ಲಾಡಿಸಿದ. ಮುಚ್ಚಳ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವನೇ ಎಳೆದರೂ ಬರಲಿಲ್ಲ. ಅದನ್ನೇ ನೋಡುತ್ತ ನಿಂತಿದ್ದಾಗ ಬ್ರದರ್ ಹಾಯ್ಟ್ ಬಂದು ಅವನ ಎರಡೂ ಕೈ ಹಿಡಿದುಕೊಂಡು ಅತ್ತರು.

"ನಿಂಗೆ ಗೊತ್ತಾಗಿಬಿಡ್ತು, ಅಲ್ವಾ? ನನ್ನ ಪಾಪಾನ ನೀನು ಹೊತ್ಕೊಂಡೆ. ಆ ಮಗು ಗೆಲ್ಲಲಿ ಅಂತ ಹಾಕ್ದೆ ಹಾರ್ಲನ್. ಚಿಕ್ಕ ಗುಂಡು ಸಾಕಾಗಿತ್ತೋ ಏನೋ, ನಂಗೆ ಅಭ್ಯಾಸ ಇಲ್ಲ ನೋಡು."

ಹಾರ್ಲನ್ ಕೈ ಬಿಡಿಸಿಕೊಂಡ. "ಹಾಗಾದ್ರೆ ಹೋಗಿ ಮಿಸ್ ವರ್ನಾಗೆ ಹೇಳಿ."

ಪುಣ್ಯಾತ್ಮರು ಹಿಂದೇಟು ಹಾಕಲಿಲ್ಲ. ಜನ ಕರಿದ ಮೀನು, ಜೋಳದ ರೊಟ್ಟಿ ತಿನ್ನುತ್ತಿದ್ದ ಡೇರೆಗೆ ನೇರ ಹೋಗಿ, ಮೈಕು ಹಿಡಿದು, ಹಾರ್ಲನ್ ನಿರಪರಾಧಿ, ಸೀಸ ಹಾಕಿದವನು ನಾನು ಎಂದು ಎಲ್ಲರೆದುರು ಒಪ್ಪಿಕೊಂಡರು. ಹಾರ್ಲನ್ ಡೇರೆಯ ಕಂಬ ಹಿಡಿದು ನಿಂತಿದ್ದ. ಆಮೇಲೆ ವೆಂಡೆಲ್ ಕರ್ಚೀಫು ತೆಗೆದು ಕಣ್ಣೊರೆಸಿಕೊಂಡ.

"ಎಂಥಾ ದೊಡ್ಡ ಮನಸ್ಸು," ಎಂದ. "ಒಬ್ಬ ಪಾಪೀನ ಉಳಿಸೋಕೆ ತಮ್ಮ ಹೆಸರನ್ನೇ ಕೆಡಿಸ್ಕೊಳ್ತಿದಾರೆ."

ನಿಜವಾಗಿಯೂ ನಾನೇ ಎಂದು ಬ್ರದರ್ ಹಾಯ್ಟ್ ಹೇಳಿದಷ್ಟೂ ಜನ ಬಿಕ್ಕಿ ಬಿಕ್ಕಿ ಅತ್ತರು. ಯಾರೋ ಸ್ತುತಿಗೀತೆ ಎತ್ತಿಕೊಂಡರು. ವೆಂಡೆಲ್ ತನ್ನ ಮೊಮ್ಮಗನಿಗೆ ಬಂದಿದ್ದ ಬಟ್ಟಲನ್ನು ತಂದು ಪಾದ್ರಿಯ ಕೈಗಿಟ್ಟ. ಅವರು ಬೇಡ ಬೇಡ ಎನ್ನುತ್ತಲೇ ಹಿಡಿದುಕೊಂಡರು. ಮಿಸ್ ವರ್ನಾ ಕಣ್ಣೊರೆಸಿಕೊಳ್ಳುತ್ತ ಹಾರ್ಲನ್‌ನ ಹತ್ತಿರ ಬಂದರು.

"ನೋಡಿ ಕಲಿ," ಎಂದರು. "ನಿನ್ನ ತಪ್ಪನ್ನ ಅವರು ಮೈಮೇಲೆ ಹಾಕ್ಕೊಂಡ್ರು. ನೀನು ಕಂಬ ಹಿಡ್ಕೊಂಡು ನೋಡ್ತಾ ನಿಂತಿದೀಯ. ಇನ್ಮೇಲೆ ಮಗು ಸುದ್ದಿಗೆ ಬರಬೇಡ."

ಕಾರು ಹೊರಡುವಾಗ ಓಪಲ್ ಕಿಟಕಿಯಿಂದ ಕೈ ಚಾಚಿದಳು. ಅಂಗೈಯಲ್ಲಿ ನೆನೆದು ಮುದ್ದೆಯಾದ ಅರ್ಧ ಸ್ಯಾಂಡ್‌ವಿಚ್ ಇತ್ತು.

"ಅರ್ಧ ಮೀನಿಗೆ ಕೊಟ್ಟೆ, ಅದು ತಿನ್ಲಿಲ್ಲ," ಎಂದಳು. "ಇದು ನಿಂಗೆ ಅಪ್ಪಾ. ನೀನು ಊಟಾನೇ ಮಾಡಿಲ್ಲ."

ಕಾರು ತಿರುವು ದಾಟುವವರೆಗೂ ಹಾರ್ಲನ್ ನಿಂತಿದ್ದ. ಆಮೇಲೆ ಆ ಸ್ಯಾಂಡ್‌ವಿಚ್ಚನ್ನು ಒಂದು ಚೂರೂ ಬಿಡದೆ ತಿಂದ.